ಮೊಂಬಾಸಾಕ್ಕೆ ಒಂದು ರಾತ್ರಿ ಸಾಕಾಗಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪ್ರವಾಸ ಪುಟದಲ್ಲಿ ಕೆನ್ಯಾ ಬಗ್ಗೆ ಬಂದ ಲೇಖನ ಓದಿದೆ. ಮಸಾಯಿ ಮಾರಾದ ಸಿಂಹ, ಜಿರಾಫೆ ಎಲ್ಲ ಚೆನ್ನಾಗಿ ಬರೆದಿದ್ದರು. ಆದರೆ ಮೊಂಬಾಸಾ ಬಂದಾಗ ಮಾತ್ರ, ಸಮಯ ಉಳಿದರೆ ಬೀಚ್‌ನಲ್ಲಿ ಒಂದು ರಾತ್ರಿ ಕಳೆಯಬಹುದು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ನೋಡಿ ಬೇಜಾರಾಯಿತು. ಮನೆಯವರ ಕೆಲಸದಿಂದಾಗಿ ನಾನು ನಾಲ್ಕು ವರ್ಷ ಆ ಊರಿನಲ್ಲಿ ಇದ್ದವಳು, ಈಗ ಕುಮಟಾದಲ್ಲಿದ್ದೇನೆ. ಕನ್ನಡದಲ್ಲಿ ಆ ಊರಿನ ಬಗ್ಗೆ ಯಾರಾದರೂ ಸರಿಯಾಗಿ ಬರೆಯಲಿ ಅಂತ ತುಂಬಾ ದಿನದಿಂದ ಕಾಯ್ತಾ ಇದ್ದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸಬೇಡಿ.

ನಾವು ಅಲ್ಲಿದ್ದಾಗ ಶಿರಸಿ ಕಡೆಯ ನಮ್ಮ ನೆಂಟರು ಟೂರ್ ಪ್ಯಾಕೇಜ್‌ನಲ್ಲಿ ಬಂದಿದ್ದರು. ಅವರನ್ನು ಫೋರ್ಟ್ ಜೀಸಸ್ ಕೋಟೆಯ ಬಾಗಿಲಲ್ಲಿ ಇಳಿಸಿ ನಲವತ್ತು ನಿಮಿಷ ಕೊಟ್ಟರಂತೆ. ಆಮೇಲೆ ಮರದ ಗೊಂಬೆ ಮಾರುವ ಅಂಗಡಿಯಲ್ಲಿ ಒಂದೂವರೆ ಗಂಟೆ! ಪಕ್ಕದಲ್ಲೇ ಇರುವ ಹಳೇ ಪೇಟೆಗೆ ಕಾಲೇ ಇಡಲಿಲ್ಲ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಬಂದು, ನೋಡಬೇಕಾದದ್ದನ್ನೇ ನೋಡದೆ ಹೋದರಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಆ ಕೋಟೆಗೆ ಕಡಿಮೆ ಅಂದರೂ ಅರ್ಧ ದಿನ ಬೇಕು. ಪೋರ್ಚುಗೀಸರು 1593ರಲ್ಲಿ ಶುರು ಮಾಡಿ ಮೂರು ವರ್ಷದಲ್ಲಿ ಕಟ್ಟಿದ್ದು. ನಕ್ಷೆ ಹಾಕಿದವನು ಕೈರಾಟಿ ಅನ್ನುವ ಇಟಲಿಯವನು. ಮೇಲಿನಿಂದ ನೋಡಿದರೆ ಮನುಷ್ಯ ಅಂಗಾತ ಮಲಗಿದ ಹಾಗೆ ಆಕಾರ. ಗೋಡೆಯೆಲ್ಲ ಹವಳದ ಕಲ್ಲು. ಹತ್ತಿರ ಹೋಗಿ ಕೈಯಾಡಿಸಿದರೆ ಸಣ್ಣ ಸಣ್ಣ ತೂತುಗಳು, ಮಧ್ಯೆ ಮಧ್ಯೆ ಕಪ್ಪೆಚಿಪ್ಪಿನ ಗುರುತು ಬೆರಳಿಗೆ ಸಿಗುತ್ತದೆ. 1696ರ ಮಾರ್ಚ್‌ನಲ್ಲಿ ಓಮಾನಿನ ಅರಬರು ಬಂದು ಮುತ್ತಿಗೆ ಹಾಕಿದರು. ಕೋಟೆ ಅವರ ಕೈಗೆ ಸಿಕ್ಕಿದ್ದು 1698ರ ಡಿಸೆಂಬರ್‌ನಲ್ಲಿ. ಮೂವತ್ಮೂರು ತಿಂಗಳು! ಒಳಗಿದ್ದವರಿಗೆ ಸಹಾಯಕ್ಕೆ ಅಂತ ಗೋವಾದಿಂದ ಒಂದು ಹಡಗು ಹೋಗಿತ್ತು, ಸ್ಯಾಂಟೋ ಆಂಟೋನಿಯೋ ದ ತನ್ನಾ ಅಂತ. ಅದನ್ನು ಕಟ್ಟಿದ್ದು ಮುಂಬೈ ಹತ್ತಿರದ ವಸಾಯಿಯಲ್ಲಿ. 1697ರಲ್ಲಿ ಕೋಟೆಯ ಎದುರಿಗೇ ಮುಳುಗಿತು. 1970ರ ದಶಕದ ಕೊನೆಯಲ್ಲಿ ಮುಳುಗುಗಾರರು ಇಳಿದು ಮೇಲೆ ತಂದ ಅದರ ಸಾಮಾನುಗಳನ್ನು ಈಗ ಕೋಟೆಯ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ನಮ್ಮ ಕರಾವಳಿಯ ಪಕ್ಕದಿಂದ ಹೊರಟ ಹಡಗು ಅಲ್ವಾ? ಆ ಪಾತ್ರೆಗಳ ಮುಂದೆ ನಿಂತಾಗ ನನಗೆ ಬೇರೆ ದೇಶದ ಚರಿತ್ರೆ ನೋಡ್ತಾ ಇದ್ದೇನೆ ಅಂತ ಅನಿಸಲೇ ಇಲ್ಲ.

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದಕ್ಕೂ ಮೊದಲು, 1498ರ ಏಪ್ರಿಲ್‌ನಲ್ಲಿ, ಅವನು ಮೊಂಬಾಸಾಕ್ಕೆ ಹೋಗಿದ್ದ. ಅಲ್ಲಿ ಜನ ಸೇರಿಸಲಿಲ್ಲ. ಮುಂದೆ ಅದೇ ಕರಾವಳಿಯ ಮಾಲಿಂದಿಗೆ ಹೋದ, ದಾರಿ ತೋರಿಸುವವನು ಅಲ್ಲೇ ಸಿಕ್ಕಿದ್ದು. ವಾಪಸ್ ಹೋಗುವಾಗ ಕಾರವಾರದ ಎದುರಿನ ಅಂಜುದೀವದಲ್ಲಿ ತಂಗಿದ್ದ. ಅವನು ಬರುವುದಕ್ಕೆ ಎಷ್ಟೋ ಮೊದಲಿಂದ ಈ ಎರಡು ದಡಗಳಿಗೆ ಬಳಕೆ ಇತ್ತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೀಸುವ ಗಾಳಿಗೆ ಅಲ್ಲಿನವರು ಕಸ್ಕಾಜಿ ಅಂತಾರೆ, ಹಾಯಿ ಹಡಗುಗಳು ಈ ಕಡೆಯಿಂದ ಅದನ್ನು ಹಿಡಿದು ಹೋಗುತ್ತಿದ್ದವು. ಏಪ್ರಿಲ್ ನಂತರ ಕುಸಿ ಅನ್ನುವ ಗಾಳಿ, ಅದರಲ್ಲಿ ವಾಪಸ್. ಅಂದರೆ ನಮಗೆ ಮಳೆ ತರುವ ಗಾಳಿಯೇ ಅವರಿಗೆ ಹಡಗು ಬಿಡುವ ಗಾಳಿ.

ಹಳೇ ಪೇಟೆಯಲ್ಲಿ ಬೆಳಿಗ್ಗೆ ಏಳಕ್ಕೇ ಹೊರಟು ಸುಮ್ನೆ ನಡೀಬೇಕು. ಸೆಕೆ ಏರುವ ಮೊದಲು. ಓಣಿಗಳು ತುಂಬಾ ಇಕ್ಕಟ್ಟು, ಮೇಲೆ ಮರದ ಬಾಲ್ಕನಿಗಳು, ಕೆತ್ತನೆಯ ದಪ್ಪ ಬಾಗಿಲುಗಳು. ಮನೆಗಳು ಹವಳದ ಕಲ್ಲು ಮತ್ತು ಸುಣ್ಣದವು, ಮಾಳಿಗೆಗೆ ಕಾಂಡ್ಲಾ ಮರದ ಕಂಬ. ಕಾಂಡ್ಲಾ ಅಂದರೆ ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಮರ, ಮ್ಯಾಂಗ್ರೋವ್; ಅಘನಾಶಿನಿ ದಡದ ನಮಗೆ ಬೇರೆ ಹೇಳಬೇಕಾಗಿಲ್ಲ. ಆ ಕಂಬ ಎಷ್ಟು ಉದ್ದ ಸಿಗುತ್ತದೋ ಕೋಣೆಯೂ ಅಷ್ಟೇ ಅಗಲ, ಅದಕ್ಕೇ ಆ ಕರಾವಳಿಯ ಸ್ವಾಹಿಲಿ ಜನರ ಹಳೇ ಮನೆಗಳ ಕೋಣೆಗಳೆಲ್ಲ ಉದ್ದಕ್ಕೆ, ಕಿರಿದಾಗಿ ಇರುತ್ತವೆ. ಇದು ಮುಸ್ಲಿಮರ ಪೇಟೆ, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಯಾರದ್ದಾದರೂ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಕೇಳಿದರೆ ಎಷ್ಟೋ ಜನ ಒಳಗೇ ಕರೀತಾರೆ.

ಹಾಗೇ ಒಂದು ದಿನ ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದರು. ಅಂಗಳದಲ್ಲಿ ಕಾಯಿ ತುರಿಯುತ್ತಾ ಕೂತಿದ್ದರು. ನೋಡಿದರೆ ನಮ್ಮ ಮನೆಯ ಹೆರೆಮಣೆಯೇ! ಕೂರುವುದಕ್ಕೆ ಗಿಡ್ಡ ಮಣೆ, ಮುಂದೆ ಚಾಚಿದ ಕಬ್ಬಿಣದ ನಾಲಿಗೆ, ಅದರ ತುದಿಗೆ ಹಲ್ಲು. ಅವರು ಅದಕ್ಕೆ 'ಎಂಬುಜಿ' ಅಂತಾರೆ, ಅಂದರೆ ಆಡು. ತುರಿಯನ್ನು ಹೆಣೆದ ಉದ್ದ ಚೀಲದಲ್ಲಿ ಹಾಕಿ ತಿರುಚಿ ಹಿಂಡಿದರು. ಮೊದಲ ಹಾಲು ಬೇರೆ, ಎರಡನೇ ಹಾಲು ಬೇರೆ. ಎರಡನೇ ಹಾಲಿನಲ್ಲಿ ತೊಗರಿಕಾಳು ಬೇಯಿಸಿ, ಇಳಿಸುವ ಹೊತ್ತಿಗೆ ಮೊದಲ ಹಾಲು ಹಾಕಿದರು. ಜೊತೆಗೆ ಏಲಕ್ಕಿ ಹಾಕಿ ಕರಿದ ಮಹಮ್ರಿ, ಬನ್ಸ್ ಥರ ಉಬ್ಬಿರುತ್ತದೆ. ಇದು ಅಲ್ಲಿನವರ ಬೆಳಗಿನ ತಿಂಡಿ. ನನ್ನ ಕೈಗೂ ಅರ್ಧ ಕಾಯಿ ಕೊಟ್ಟರು. ನಾನು ಮಣೆ ಮೇಲೆ ಕೂತು ಸರಸರ ತುರಿದಿದ್ದು ನೋಡಿ ಅಜ್ಜಿಗೆ ಎಲ್ಲಿಲ್ಲದ ಖುಷಿ. ಆಮೇಲೆ ಅಲ್ಲಿದ್ದಷ್ಟು ದಿನವೂ ನಾನು ಆ ಮನೆಯವಳೇ.

ಅಲ್ಲಿನ ಸ್ವಾಹಿಲಿ ಭಾಷೆಯೂ ಹಾಗೇ. ದುಕಾ ಅಂದರೆ ಅಂಗಡಿ, ಗಾರಿ ಅಂದರೆ ಗಾಡಿ, ಪೆಸಾ ಅಂದರೆ ದುಡ್ಡು, ಚಪಾತಿ ಚಪಾತಿಯೇ. ಬಿಯಾಶರಾ ಬೀದಿಯಲ್ಲಿ ಕಾಂಗಾ ಅನ್ನುವ ಬಟ್ಟೆ ಜೋಡಿ ಜೋಡಿಯಾಗಿ ಮಾರುತ್ತಾರೆ, ಪ್ರತಿಯೊಂದರ ಅಂಚಿನ ಮೇಲೆ ಒಂದು ಮಾತು ಅಚ್ಚಾಗಿರುತ್ತದೆ. ಹೆಂಗಸರು ಬಣ್ಣ ನೋಡುವಷ್ಟೇ ಆ ಮಾತನ್ನೂ ಓದಿ ಆರಿಸುತ್ತಾರೆ. ಬಾಯಲ್ಲಿ ಆಡಲಾಗದ್ದನ್ನು ಉಟ್ಟ ಬಟ್ಟೆಯಲ್ಲಿ ಹೇಳಿಬಿಡುತ್ತಾರೆ. 'ಹರಾಕಾ ಹರಾಕಾ ಹೈನಾ ಬರಾಕಾ' ಅಂತ ಒಂದು ಗಾದೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ, ಅವಸರದಲ್ಲಿ ಬರಕತ್ತು ಇಲ್ಲ ಅಂತ. ನಮ್ಮ ಬರಕತ್ತೇ ಅದು.

ನೆನಪಿಟ್ಟು ನೋಡಬೇಕಾದ ಇನ್ನೊಂದು ಜಾಗ ಇದೆ, ಯಾವ ಪ್ಯಾಕೇಜೂ ಅಲ್ಲಿ ನಿಲ್ಲಿಸಿದ್ದು ನಾನು ಕಂಡಿಲ್ಲ. ನ್ಯಾಲಿ ಸೇತುವೆ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಗಂಟೆ ತೂಗುಹಾಕಿದ ಒಂದು ಕಟ್ಟೆ. ಅದು ಫ್ರೀರ್‌ಟೌನ್. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳನ್ನು ಬ್ರಿಟಿಷರು ಸಮುದ್ರದಲ್ಲಿ ಹಿಡಿದಾಗ ಬಿಡಿಸಿದ ಜನರಲ್ಲಿ ಎಷ್ಟೋ ಮಂದಿಯನ್ನು ಮುಂಬೈಗೆ ತಂದಿದ್ದರು. ಮಕ್ಕಳು ನಾಸಿಕದ ಮಿಷನ್‌ನಲ್ಲಿ ಬೆಳೆದರು, ಕಸುಬು ಕಲಿತರು. ಅವರಲ್ಲಿ ಕೆಲವರು ಆಫ್ರಿಕಾಕ್ಕೆ ವಾಪಸ್ ಬಂದು, ಬಿಡುಗಡೆಯಾದವರಿಗೆ ಅಂತ 1875ರಲ್ಲಿ ಶುರುವಾದ ಈ ಊರಿನಲ್ಲಿ ನೆಲೆಸಿದರು. ಗುಲಾಮರನ್ನು ಹಿಡಿಯುವವರು ಮತ್ತೆ ಬಂದರೆ ಈ ಗಂಟೆ ಬಾರಿಸಿ ಎಚ್ಚರಿಸುತ್ತಿದ್ದರಂತೆ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರಲ್ಲೂ ಎಷ್ಟೋ ಜನರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದ ಕರಾವಳಿಯಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದು. ಅವರಿಗೆ ವಾಪಸ್ ಹೋಗುವ ದಾರಿ ಸಿಗಲಿಲ್ಲ. ಆ ಗಂಟೆಯ ಕೆಳಗೆ ನಿಂತಾಗ ನನಗೆ ನೆನಪಾದದ್ದು ಚಿಕ್ಕವಳಿದ್ದಾಗ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸು. ಅವಳ ಹಿರಿಯರು ಎಲ್ಲಿಂದ ಬಂದವರು ಅಂತ ನಮ್ಮ ಮನೆಯಲ್ಲಿ ಯಾರೂ ಒಂದು ದಿನ ಕೇಳಿರಲಿಲ್ಲ.

ಊರ ಮಧ್ಯೆ ಇರುವ ದೊಡ್ಡ ದಂತದ ಕಮಾನಿನ ಹತ್ತಿರ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಅದು ಅಲ್ಯೂಮಿನಿಯಂನದು, ಐದು ನಿಮಿಷ ಸಾಕು. ಮಕ್ಕಳಿದ್ದರೆ ಬಂಬುರಿಯ ಹಾಲರ್ ಪಾರ್ಕಿಗೆ ಹೋಗಿ. ಸಿಮೆಂಟಿಗೆ ಅಗೆದು ಬರಡಾಗಿದ್ದ ಗಣಿಯಲ್ಲಿ 1971ರಿಂದ ಗಾಳಿಮರ ನೆಟ್ಟು ಕಾಡು ಮಾಡಿದ್ದಾರೆ. ಸಂಜೆ ಮಾತ್ರ ಮಾಮಾ ಎನ್ಗೀನಾ ರಸ್ತೆಯ ಸಮುದ್ರದಂಡೆಗೆ ಬರಲೇಬೇಕು. ಅಲ್ಲಿ ಸಾಲಾಗಿ ದೊಡ್ಡ ದೊಡ್ಡ ಬಾವೋಬಾಬ್ ಮರಗಳಿವೆ. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಇರುವುದೂ ಇದೇ ಜಾತಿಯ ಮರ, ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಮರದ ಕೆಳಗೆ ಎಳನೀರು, ಖಾರದಪುಡಿ ನಿಂಬೆಹಣ್ಣು ಹಾಕಿದ ಮರಗೆಣಸಿನ ಚಿಪ್ಸ್. ಅದೇ ಹೊತ್ತಿಗೆ ಹಳೇ ಪೇಟೆಯಲ್ಲಿ ಕೆಳಗೆ ಕೆಂಡ ಇಟ್ಟ ಹಿತ್ತಾಳೆ ಹೂಜಿಯಿಂದ ಪುಟ್ಟ ಬಟ್ಟಲಿಗೆ ಕಹವಾ ಸುರಿದು ಕೊಡುತ್ತಾರೆ. ಹಾಲಿಲ್ಲದ ಕಡುಕಾಫಿ, ಶುಂಠಿಯ ಘಾಟು.

ಹೋಗುವವರಿಗೆ ಒಂದೆರಡು ಮಾತು. ಹಳದಿ ಜ್ವರದ ಚುಚ್ಚುಮದ್ದು ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು, ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತೊಂದರೆ. ಪ್ಲಾಸ್ಟಿಕ್ ಕೈಚೀಲ ಅಲ್ಲಿ 2017ರಿಂದ ನಿಷೇಧ. ನೈರೋಬಿಯಿಂದ ವಿಮಾನ ಬೇಡ, ಹಗಲಿನ ರೈಲು ಹತ್ತಿ. ತ್ಸಾವೋ ಕಾಡಿನ ಮಧ್ಯೆ ಹೋಗುವಾಗ ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಿಟಕಿಯಿಂದಲೇ ಕಾಣುತ್ತವೆ. ಏಪ್ರಿಲ್, ಮೇ ಜೋರು ಮಳೆಯ ತಿಂಗಳು, ಅದನ್ನು ಬಿಟ್ಟು ಹೋಗಿ.

ಸಂಪಾದಕರೇ, ಆ ಪುಟದಲ್ಲಿ ಮುಂದೆ ಕೆನ್ಯಾ ಬಗ್ಗೆ ಬರೆಸುವಾಗ ಮೊಂಬಾಸಾಕ್ಕೆ ಒಂದು ಇಡೀ ಪುಟ ಕೊಡಿ. ಲೇಖಕರನ್ನು ಕಳಿಸುವುದಾದರೆ ಮೂರು ದಿನವಾದರೂ ಆ ಊರಿನಲ್ಲಿ ಉಳಿಸಿ. ಹಳೇ ಪೇಟೆಯ ಆ ಅಜ್ಜಿಯ ಮನೆ ಯಾವ ಓಣಿಯಲ್ಲಿ ಅಂತ ನಾನು ಅವರಿಗೆ ಹೇಳುತ್ತೇನೆ.

ಇತಿ,
ನಿಮ್ಮ ಹಳೇ ಓದುಗಿತ್ತಿ,
ಕುಮಟಾ