ಹಜ್ಜ್‌ಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಮ್.

ಹಜ್ಜ್ ಪಟ್ಟಿಯಲ್ಲಿ ಹೆಸರು ಬಂದಾಗಿನಿಂದ ನೀನು ಸೂಟ್‌ಕೇಸ್ ತೂಕದ್ದೇ ಮಾತಾಡುತ್ತಿದ್ದೀ. ಅದು ಕೊನೆಯ ವಾರದ ಕೆಲಸ. ಈಗ ಕ್ಯಾಲೆಂಡರ್ ತೆಗೆದುಕೊಂಡು ಕೂತುಕೋ. ದುಲ್‌ಹಜ್ಜ್ ತಿಂಗಳ 8ರಿಂದ 13ರವರೆಗಿನ ಹಜ್ಜ್ ದಿನಗಳು ಯಾವ ತಾರೀಖಿಗೆ ಬರುತ್ತವೆ ಎಂದು ಗುರುತು ಹಾಕು. ಪಕ್ಕದಲ್ಲೇ ನಿನ್ನ ಮುಟ್ಟಿನ ದಿನಗಳನ್ನೂ ವಾಪಸ್ ವಿಮಾನದ ತಾರೀಖನ್ನೂ ಬರೆ. ಹೆಂಗಸರ ಹಜ್ಜ್ ತಯಾರಿ ಇಲ್ಲಿಂದಲೇ ಶುರುವಾಗಬೇಕು. ತರಬೇತಿ ಶಿಬಿರದಲ್ಲಿ ಎಲ್ಲರ ಮುಂದೆ ಇದನ್ನು ಕೇಳಲು ನಾಚಿಕೊಂಡರೆ, ಮಕ್ಕಾದಲ್ಲಿ ಗಾಬರಿಯಾಗುವುದು ಖಂಡಿತ.

ಮುಟ್ಟಾದರೆ ಹಜ್ಜ್ ಕೆಡುವುದಿಲ್ಲ. ಪ್ರವಾದಿಯವರ ಮಡದಿ ಆಯಿಷಾ ಬೀವಿಯವರಿಗೂ (ರ) ಹಾಗೆಯೇ ಆಗಿತ್ತು. ಹಾಜಿಗಳು ಮಾಡುವುದೆಲ್ಲವನ್ನೂ ಮಾಡು, ಶುದ್ಧಿಯಾಗುವ ತನಕ ತವಾಫ್ (ಕಅಬಾಕ್ಕೆ ಸುತ್ತು ಬರುವುದು) ಮಾತ್ರ ಬೇಡ ಎಂದು ಪ್ರವಾದಿಯವರು (ಸ) ಅವರಿಗೆ ಹೇಳಿದರು. ನಮಾಝ್ ಇಲ್ಲವೆಂಬುದು ನಿನಗೆ ಗೊತ್ತೇ ಇದೆ. ಉಳಿದಂತೆ ಇಹ್ರಾಮ್ (ಯಾತ್ರೆಯ ಸಂಕಲ್ಪ ತೊಟ್ಟ ಸ್ಥಿತಿ), ತಲ್ಬಿಯಾ ಪಠಣ, ಮಿನಾ, ಅರಫಾ, ಮುಝ್ದಲಿಫಾಗಳಲ್ಲಿ ತಂಗುವುದು, ಕಲ್ಲೆಸೆತ ಯಾವುದಕ್ಕೂ ಅಡ್ಡಿಯಿಲ್ಲ.

ಮಕ್ಕಾ ತಲುಪಿದೊಡನೆ ಮುಟ್ಟಾದರೆ ಇಹ್ರಾಮ್‌ನಲ್ಲೇ ಇದ್ದು ಕಾಯಿ, ಶುದ್ಧಿಯಾದ ಮೇಲೆ ಉಮ್ರಾ (ಕಿರಿಯ ಯಾತ್ರೆ) ಮಾಡು. ಅರಫಾ ದಿನ ಹತ್ತಿರ ಬಂದರೂ ಶುದ್ಧಿಯಾಗದಿದ್ದರೆ ಅದೇ ಉಮ್ರಾದ ಇಹ್ರಾಮ್‌ಗೆ ಹಜ್ಜ್‌ನ ನಿಯ್ಯತ್ (ಸಂಕಲ್ಪ) ಸೇರಿಸಿಕೋ, ಅದು ಖಿರಾನ್, ಅಂದರೆ ಎರಡೂ ಒಟ್ಟಿಗಿರುವ ಹಜ್ಜ್ ಆಗುತ್ತದೆ. ತವಾಫ್ ಮುಗಿದ ಮೇಲೆ ಮುಟ್ಟಾದರೆ ಸಈ (ಸಫಾ, ಮರ್ವಾ ಗುಡ್ಡಗಳ ನಡುವಿನ ನಡಿಗೆ) ನಿಲ್ಲಿಸಬೇಡ, ಸಈಗೆ ವುಝೂ (ನಮಾಝ್‌ಗೆ ಮೊದಲು ಮಾಡುವ ಅಂಗಶುದ್ಧಿ) ಕಡ್ಡಾಯವಲ್ಲ. ನಿಜವಾದ ತೊಡಕು ಹಜ್ಜ್‌ನ ತವಾಫ್, ಅಂದರೆ ತವಾಫುಲ್ ಇಫಾದಾದ್ದು. ಅದು ರುಕ್ನ್, ಬಿಡಲಾಗದ ಕರ್ಮ. ಅದನ್ನು ಬಿಟ್ಟು ಊರಿಗೆ ಬಂದರೆ ಹಜ್ಜ್ ಪೂರ್ತಿಯಾಗುವುದಿಲ್ಲ, ಆಡು ಕೊಯ್ದರೂ ಪರಿಹಾರವಾಗುವುದಿಲ್ಲ. ದಿನಗಳು ಅಡ್ಡ ಬರುವ ಸೂಚನೆ ಇದ್ದರೆ ತಂಡದ ಅಮೀರರಿಗೆ ಮೊದಲೇ ಹೇಳಿ ಟಿಕೆಟ್ ಮುಂದೂಡಿಸಲು ನೋಡು. ಹೊರಡುವಾಗಿನ ತವಾಫುಲ್ ವದಾಅ್‌ಗೆ ಮುಟ್ಟಾದವರಿಗೆ ವಿನಾಯಿತಿ ಇದೆ.

ಮುಟ್ಟು ಮುಂದೂಡುವ ಮಾತ್ರೆ ಬೇಕೆಂದಿದ್ದರೆ ಹೊರಡುವ ಎರಡು ಮೂರು ತಿಂಗಳ ಮೊದಲೇ ಡಾಕ್ಟರನ್ನು ಕಾಣು. ಬಿಪಿ, ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದರೆ ಮುಚ್ಚಿಡಬೇಡ. ಅಲ್ಲಿ ಹೋಗಿ ಪಕ್ಕದ ಮಂಚದವರ ಮಾತ್ರೆ ನುಂಗಿದವರಿಗೆ ಚೂರುಚೂರೇ ರಕ್ತ ಕಾಣಿಸಿಕೊಂಡು, ಇದು ಮುಟ್ಟೋ ಅಲ್ಲವೋ ಎಂಬ ಗೊಂದಲ ಇನ್ನಷ್ಟು ಬೆಳೆಯುತ್ತದೆ.

ಇನ್ನು ವುಝೂ. ನಮ್ಮ ಕರಾವಳಿಯ ಶಾಫಿ ಪಂಥದವರಿಗೆ ಪರಪುರುಷರ ಚರ್ಮ, ಗಂಡನದ್ದೂ ಕೂಡ, ನೇರವಾಗಿ ತಾಗಿದರೆ ವುಝೂ ಹೋಗುತ್ತದೆ. ತವಾಫ್‌ನ ನೂಕುನುಗ್ಗಲಲ್ಲಿ ಇದನ್ನು ಕಾಪಾಡುವುದು ಕಷ್ಟ. ಕಾಲಿಗೆ ಸಾಕ್ಸ್, ಬೆರಳ ಬುಡದವರೆಗೆ ಬರುವ ಉದ್ದ ತೋಳು ಇರಲಿ. ಕೈಗವಸು ಮತ್ತು ಮುಖಕ್ಕೆ ಅಂಟುವ ನಿಖಾಬ್ ಇಹ್ರಾಮ್‌ನಲ್ಲಿ ಕೂಡದು. ವುಝೂ ಹೋದರೆ ಮತ್ತೆ ಮಾಡಿಕೊಂಡು ಬಿಟ್ಟಲ್ಲಿಂದ ಮುಂದುವರಿಸಬಹುದು. ಇಷ್ಟೊಂದು ಜನರ ನಡುವೆ, ಬರೀ ತಾಗಿದರೆ ವುಝೂ ಹೋಗದು ಎನ್ನುವ ಹನಫಿ ಪಂಥದ ಅಭಿಪ್ರಾಯದಂತೆ ನಡೆಯಬಹುದೇ, ಆಗ ವುಝೂವಿನಲ್ಲಿ ಬೇರೆ ಏನೇನು ಗಮನಿಸಬೇಕು ಎಂದು ಉಸ್ತಾದರ ಬಳಿ ಊರಲ್ಲೇ ಕೇಳಿ ಕಲಿತುಕೋ.

ತವಾಫ್ ಏಳು ಸುತ್ತು. ಕಅಬಾದ ಮೂಲೆಯ ಕಪ್ಪು ಕಲ್ಲು ಹಜರುಲ್ ಅಸ್ವದ್‌ನಿಂದ ಶುರು, ಕಅಬಾ ಎಡಗಡೆಗಿರಬೇಕು. ಹತ್ತಿರದ ದಾರಿಯೆಂದು ಕಅಬಾ ಪಕ್ಕದ ಅರ್ಧವೃತ್ತದ ಗೋಡೆ ಹತೀಮ್‌ನ ಒಳಗಿಂದ ಹಾದರೆ ಆ ಸುತ್ತು ಲೆಕ್ಕಕ್ಕಿಲ್ಲ, ಅದು ಕಅಬಾದ್ದೇ ಭಾಗ. ಸಈಯಲ್ಲಿ ಸಫಾದಿಂದ ಮರ್ವಾಗೆ ಹೋದದ್ದು ಒಂದು, ಬಂದದ್ದು ಎರಡು. ಏಳನೆಯದು ಮರ್ವಾದಲ್ಲಿ ಮುಗಿಯುತ್ತದೆ. ಹೋಗಿಬಂದದ್ದನ್ನು ಒಂದೆಂದು ಎಣಿಸಿದವರು ಹದಿನಾಲ್ಕು ಸಲ ನಡೆದು ಸುಸ್ತಾಗುತ್ತಾರೆ. ಏಳಕ್ಕೇ ಮೂರು ಕಿಲೋಮೀಟರ್ ದಾಟುತ್ತದೆ. ಆದ್ದರಿಂದ ಇಂದಿನಿಂದಲೇ ದಿನವೂ ನಡೆ, ಅಲ್ಲಿ ಹಾಕುವ ಚಪ್ಪಲಿಯಲ್ಲೇ ನಡೆ.

ಬಿಸಿಲನ್ನು ಹಗುರವಾಗಿ ಎಣಿಸಬೇಡ. 2024ರ ಹಜ್ಜ್‌ನಲ್ಲಿ ಮಕ್ಕಾದಲ್ಲಿ ತಾಪ 51 ಡಿಗ್ರಿ ದಾಟಿತ್ತು, 1,300ಕ್ಕೂ ಹೆಚ್ಚು ಜನ ತೀರಿಹೋದರು. ಅವರಲ್ಲಿ ಬಹುಪಾಲು ಪರವಾನಗಿಯಿಲ್ಲದೆ ಬಂದು, ನೆರಳೂ ಬಸ್ಸೂ ಸಿಗದೆ ನಡೆದವರು. ಛತ್ರಿ, ನೀರು, ಓಆರ್‌ಎಸ್ ಸದಾ ಕೈಯಲ್ಲಿರಲಿ. ಅರಫಾದಲ್ಲಿ ಗುಡ್ಡ ಹತ್ತಬೇಕಿಲ್ಲ, ಗಡಿಯ ಒಳಗಿದ್ದರೆ ಸಾಕು. ನಮಿರಾ ಮಸೀದಿಯ ಮುಂಭಾಗ ಅರಫಾದ ಹೊರಗಿದೆ, ಅಲ್ಲೇ ಕೂತು ದಿನ ಕಳೆದರೆ ಹಜ್ಜೇ ಸಿಗುವುದಿಲ್ಲ.

ಕಲ್ಲು ಕಡಲೆಕಾಳಿನಷ್ಟಿರಲಿ. 10ರಂದು ದೊಡ್ಡ ಜಮ್ರಕ್ಕೆ (ಕಲ್ಲೆಸೆಯುವ ಕಂಬಕ್ಕೆ) 7, 11 ಮತ್ತು 12ರಂದು ಮೂರಕ್ಕೂ ಸೇರಿ 21ರಂತೆ ಒಟ್ಟು 49. 13ಕ್ಕೂ ಉಳಿದರೆ 70. ಗುರಿ ತಪ್ಪೀತೆಂದು ನಾಲ್ಕೈದು ಹೆಚ್ಚಿಗೆ ಇಟ್ಟುಕೋ. ಒಂದೊಂದಾಗಿಯೇ ಎಸೆ, ಮುಷ್ಟಿ ತುಂಬ ಎಸೆದರೆ ಅದು ಒಂದೇ ಲೆಕ್ಕ.

ಸುವಾಸನೆಯಿಲ್ಲದ ಸೋಪು ಇಲ್ಲಿಂದಲೇ ಒಯ್ಯಿ. ವಿಮಾನದಲ್ಲಿ ಕೊಡುವ ಒದ್ದೆ ಟಿಶ್ಯೂಗೆ ಸೆಂಟ್ ಇರುತ್ತದೆ, ಇಹ್ರಾಮ್‌ನಲ್ಲಿದ್ದರೆ ಮುಟ್ಟಬೇಡ. ಮೆನಿಂಜೈಟಿಸ್ ಲಸಿಕೆಯನ್ನು ಅಲ್ಲಿಗೆ ತಲುಪುವ ಹತ್ತು ದಿನ ಮೊದಲಾದರೂ ಹಾಕಿಸಿಕೊಂಡಿರಬೇಕು. ನಿಮ್ಮ ವಿಮಾನ ಮೊದಲು ಜಿದ್ದಾಕ್ಕೋ ಮದೀನಾಕ್ಕೋ ಕೇಳು. ಜಿದ್ದಾ ಆದರೆ ಮೀಕಾತ್ (ಇಹ್ರಾಮ್ ತೊಡಬೇಕಾದ ಗಡಿ) ಆಕಾಶದಲ್ಲೇ ದಾಟುತ್ತದೆ, ಗಂಡನ ಇಹ್ರಾಮ್ ಬಟ್ಟೆ ಕೈಚೀಲದಲ್ಲೇ ಇರಬೇಕು.

ತಾರೀಖುಗಳ ಲೆಕ್ಕ ಮುಗಿದ ಮೇಲೆ ಫೋನ್ ಮಾಡು. ಡಾಕ್ಟರ್ ಹತ್ತಿರ ನಾನೂ ಬರುತ್ತೇನೆ.

ನಿನ್ನ ಉಮ್ಮ