ಕಸ್ಟಮ್ಸ್ ಸೇರುತ್ತಿರುವ ಸುಮಂತನಿಗೆ

ಪ್ರೀತಿಯ ಸುಮಂತ,

ಕೆಲಸ ಸಿಕ್ಕಿದ್ದನ್ನು ಅಕ್ಕ ಫೋನ್ ಮಾಡಿ ಹೇಳಿದಳು. ತುಂಬಾ ಖುಷಿಯಾಯಿತು. ನೀನು ಕಳಿಸಿದ ಫೋಟೊ ಕೂಡ ನೋಡಿದೆ, ಅದೇ, 2024ರ ನವೆಂಬರ್‌ನಲ್ಲಿ ಅಂಡಮಾನ್ ಹತ್ತಿರ ಕೋಸ್ಟ್ ಗಾರ್ಡ್‌ನವರು ಮ್ಯಾನ್ಮಾರ್ ದೋಣಿಯಲ್ಲಿ ಹಿಡಿದ ಸುಮಾರು ಆರು ಟನ್ ಮೆತ್ (ಮೆಥಾಂಫೆಟಮಿನ್ ಅನ್ನೋ ಮಾದಕ ವಸ್ತು). "ಸರ್ಕಾರ ಈಗ ಬಿಗಿ ಮಾಡಿದೆ ಮಾಮ" ಅಂತ ಬರೆದಿದ್ದೀಯ. ಇರಬಹುದು. ಆದರೆ ಜಾಸ್ತಿ ಮಾಲು ಸಿಕ್ಕಿತು ಅಂದರೆ ನಾವು ಚುರುಕಾಗಿದ್ದೇವೆ ಅಂತಲೂ ಆಗಬಹುದು, ಮೊದಲಿಗಿಂತ ಜಾಸ್ತಿ ಬರುತ್ತಿದೆ ಅಂತಲೂ ಆಗಬಹುದು. ತೂಕ ನೋಡಿ ಅದನ್ನು ಹೇಳಲು ಬರುವುದಿಲ್ಲ. ಬೀದಿಯಲ್ಲಿ ರೇಟು ಏರಿತಾ, ಮಾಲು ಸಿಗೋದು ಕಷ್ಟವಾಯಿತಾ, ಅದನ್ನು ಕೇಳು.

ಇಷ್ಟು ವರ್ಷ ಬಂದರಿನಲ್ಲಿ ವ್ಯಾಪಾರಿಗಳ ಪರವಾಗಿ ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಆಗಿದ್ದವನು ನಾನು, ತಪಾಸಣೆ ಹೇಗೆ ನಡೆಯುತ್ತದೆ ಅಂತ ಗೊತ್ತು. ಯಾವ ಕಂಟೇನರ್ ತೆರೆಯಬೇಕು ಅಂತ ಕಂಪ್ಯೂಟರ್ ಆರಿಸುತ್ತದೆ, ಹೆಚ್ಚಿನವು ತೆರೆಯದೇ ಹೋಗುತ್ತವೆ. ತೆರೆದರೂ ಕಟರ್ ತಂದು ಬೋಲ್ಟ್ ಸೀಲ್ ಮುರಿದು, ಬಾಗಿಲ ಹತ್ತಿರದ ನಾಲ್ಕು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತ್‌ನ ಮುಂದ್ರಾ ಬಂದರಿನಲ್ಲಿ ಡಿಆರ್‌ಐನವರು (ಕಂದಾಯ ಗುಪ್ತಚರ ನಿರ್ದೇಶನಾಲಯ) ಎರಡೇ ಕಂಟೇನರ್‌ನಲ್ಲಿ 2,988 ಕೆಜಿ ಹೆರಾಯಿನ್ ಹಿಡಿದರಲ್ಲ, ಅದರ ಕಾಗದದಲ್ಲಿ ಇದ್ದದ್ದು ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು ಅಂತ. ಇರಾನಿನ ಬಂದರ್ ಅಬ್ಬಾಸ್‌ನಿಂದ ಬಂದಿತ್ತು. ಜಂಬೋ ಚೀಲಗಳ ತಳದಲ್ಲಿ ಹೆರಾಯಿನ್, ಮೇಲೆ ಕಲ್ಲು. ನನಗೆ ಅದಕ್ಕಿಂತ ವಿಚಿತ್ರ ಅನಿಸಿದ್ದು ಮಾಲು ತರಿಸಿಕೊಂಡವರ ವಿಳಾಸ. ವಿಜಯವಾಡದ ಸಂಸ್ಥೆಯೊಂದು ಹತ್ತಿರದ ಚೆನ್ನೈ, ವಿಶಾಖಪಟ್ಟಣ ಬಿಟ್ಟು ಅಷ್ಟು ದೂರದ ಗುಜರಾತ್‌ನಲ್ಲಿ ಕಲ್ಲು ಇಳಿಸಿಕೊಳ್ಳುವುದು ಯಾಕೆ? ಸಾಗಣೆ ಖರ್ಚು ಲೆಕ್ಕ ಹಾಕುವ ಯಾವ ವ್ಯಾಪಾರಿಯೂ ಹಾಗೆ ಮಾಡಲ್ಲ. ಇಂಥದ್ದನ್ನು ಯಂತ್ರಕ್ಕಿಂತ ಮೊದಲು ನೀನು ಕಾಣಬೇಕು. ಚೀಲವನ್ನು ತಳದವರೆಗೂ ಖಾಲಿ ಮಾಡಿಸು ಅಂದಾಗ ನನ್ನಂಥ ಏಜೆಂಟು "ಲೇಟ್ ಆಗುತ್ತೆ ಸಾರ್" ಅಂತ ಗೊಣಗುತ್ತಾನೆ. ಗೊಣಗಲಿ ಬಿಡು.

ಆಮೇಲೆ ಪೇಪರಿನಲ್ಲಿ ಅದರ ಬೆಲೆ 21,000 ಕೋಟಿ ಅಂತ ಬಂತು. ಆ ಅಂಕಿಗೆ ಮರುಳಾಗಬೇಡ. ಅದು ಅಂತರರಾಷ್ಟ್ರೀಯ ಮಾರುಕಟ್ಟೆಯ ರೇಟು. ಮಾಲು ಕಳಿಸಿದವನಿಗೆ ಅಲ್ಲಿ ಬಿದ್ದ ಖರ್ಚು ಅದರ ಒಂದು ಚೂರು. ಅವನಿಗೆ ಒಂದು ಕಂಟೇನರ್ ಹೋದರೆ ಹೋಯಿತು.

ನನಗೆ ಇಷ್ಟವಾದ ಕೇಸು ನಮ್ಮ ಮಂಗಳೂರಿನದೇ. ಪಂಪ್‌ವೆಲ್ ಹತ್ತಿರ ಒಬ್ಬನ ಬಳಿ ಸಿಕ್ಕಿದ್ದು ಬರೀ 15 ಗ್ರಾಂ ಎಂಡಿಎಂಎ ಅನ್ನೋ ಮಾದಕ ವಸ್ತು. ಪೊಲೀಸರು ಅಲ್ಲಿಗೇ ಫೈಲ್ ಮುಚ್ಚಲಿಲ್ಲ, ಅವನಿಗೆ ಕೊಟ್ಟವನು ಯಾರು ಅಂತ ಹಿಡಿದು ಬೆಂಗಳೂರಿಗೆ ಹೋದರು, ಅಲ್ಲಿ ಆರು ಕೆಜಿ ಸಿಕ್ಕಿತು, ಮತ್ತೆ ಆರು ತಿಂಗಳು ಬೆನ್ನು ಬಿದ್ದು 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಹೆಂಗಸರನ್ನು 37 ಕೆಜಿ ಜೊತೆ ಹಿಡಿದರು. ದಿಲ್ಲಿಯಿಂದ ವಿಮಾನದಲ್ಲಿ ಟ್ರಾಲಿ ಬ್ಯಾಗಲ್ಲಿ ಬಂದ ಮಾಲು! ವಿಮಾನ ನಿಲ್ದಾಣದ ತಪಾಸಣೆ ದಾಟಿ ಬಂತಲ್ಲ ಅನ್ನೋದಕ್ಕೂ ಯಾರಾದರೂ ಉತ್ತರ ಹೇಳಬೇಕು.

ಬೆಳೆಯುವ ಕಡೆಯೇ ನಿಲ್ಲಿಸಿದರೆ ಅಂತ ಕೇಳುತ್ತೀಯ. ಅಫ್ಘಾನಿಸ್ತಾನದಲ್ಲಿ ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಹೆರಾಯಿನ್‌ಗೆ ಮೂಲವಾದ ಅಫೀಮು ಬೆಳೆಯನ್ನು ನಿಷೇಧಿಸಿತು. ಮರುವರ್ಷ ಬೆಳೆ ಶೇ 95ರಷ್ಟು ಕುಸಿಯಿತು ಅಂತ ವಿಶ್ವಸಂಸ್ಥೆಯೇ ಹೇಳಿತು. ರೈತರ ಆದಾಯ 136 ಕೋಟಿ ಡಾಲರ್‌ನಿಂದ 11 ಕೋಟಿಗೆ ಬಿತ್ತು, ಅವರಿಗೆ ಬೇರೆ ದಾರಿ ಯಾರೂ ತೋರಿಸಲಿಲ್ಲ. ಅದೇ ವರ್ಷ ಅಫೀಮಿನಲ್ಲಿ ಮ್ಯಾನ್ಮಾರ್ ಮೊದಲ ಸ್ಥಾನಕ್ಕೆ ಬಂತು.

ಇನ್ನು ನಿನ್ನ ಕೈಯಲ್ಲಿರುವ ವಿಷಯ. ಹೆರಾಯಿನ್ 250 ಗ್ರಾಂ ದಾಟಿದರೆ ಕನಿಷ್ಠ ಹತ್ತು ವರ್ಷ ಜೈಲು, ಜಾಮೀನು ಸಿಗೋದೂ ಬಹಳ ಕಷ್ಟ. ಶಿಕ್ಷೆ ಅಷ್ಟು ದೊಡ್ಡದು, ಹಾಗಾಗಿ ಕೋರ್ಟು ನಿನ್ನ ಕಾಗದವನ್ನು ಭೂತಗನ್ನಡಿ ಹಿಡಿದು ನೋಡುತ್ತದೆ. ಮ್ಯಾಜಿಸ್ಟ್ರೇಟ್ ಎದುರು ಸ್ಯಾಂಪಲ್ ತೆಗೆಯಬೇಕು ಅಂತ ಮಾದಕ ವಸ್ತು ಕಾಯ್ದೆಯಲ್ಲಿ (ಎನ್‌ಡಿಪಿಎಸ್) 52ಎ ಸೆಕ್ಷನ್ ಇದೆ, ಅದನ್ನು ಚಾಚೂ ತಪ್ಪದೆ ಮಾಡು. ಆರೋಪಿ ಬಾಯಿ ಬಿಟ್ಟ ಅಂತ ಹಿಗ್ಗಬೇಡ. ನಿಮ್ಮ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಾಗಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲೇ ಹೇಳಿದೆ. ಕ್ಯಾಮೆರಾ ಮುಂದೆ ಚೀಲ ಜೋಡಿಸಿ ನಿಲ್ಲಲು ಹೇಳಿದರೆ ನಿಲ್ಲು, ಆದರೆ ಅಷ್ಟು ಹೊತ್ತಿಗೆ ಮಹಜರು ಬರೆದು ಮುಗಿದಿರಲಿ.

ಪೋಸ್ಟಿಂಗ್ ಯಾವ ಊರು ಅಂತ ತಿಳಿದ ಕೂಡಲೇ ಹೇಳು. ಬಂದರು ಸಿಕ್ಕರೆ ಒಳ್ಳೆ ಶೂ ತಗೋ, ಅಲ್ಲಿನ ಯಾರ್ಡ್ ಮಳೆಗಾಲದಲ್ಲಿ ಬರೀ ಕೆಸರು.

ನಿನ್ನ ಮಾಮ