ಕಿವಿ ಒತ್ತಬೇಕು, ಉಜ್ಜಬಾರದು

ಮಾನ್ಯ ಸಂಪಾದಕರೇ,

ಮೆಟ್ಟುಗತ್ತಿಯ ಮುಂದೆ ಕೂತು ಅಡಕೆ ಸುಲಿಯುವವರ ಸೊಂಟ, ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವವರ ಕುತ್ತಿಗೆ: ಕೇರಳದ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಲ್ಲಿ ಈ ನೋವುಗಳು ವರ್ಷಗಟ್ಟಲೆ ಬಿಡುವುದಿಲ್ಲ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನಾ ನುಂಗುತ್ತಾ ಹೋದರೆ ಹೊಟ್ಟೆ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಹಾಗಾಗಿ ತಾವೇ ಮಾಡಿಕೊಳ್ಳಬಹುದಾದ ಕಿವಿಯ ಆಕ್ಯುಪ್ರೆಷರನ್ನು, ಅಂದರೆ ನೋವು ಇಳಿಸಲು ಕಿವಿಯ ಕೆಲವು ಬಿಂದುಗಳನ್ನು ಒತ್ತುವುದನ್ನು, ಪಂಚಾಯತಿನ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ಆರೈಕೆಯ) ಮನೆಭೇಟಿಯಲ್ಲೂ ಹೆಂಗಸರ ಕುಟುಂಬಶ್ರೀ ಕೂಟಗಳಲ್ಲೂ ಕಲಿಸಬೇಕು, ನಮ್ಮಲ್ಲಿ ಅದನ್ನು ಕನ್ನಡದಲ್ಲೇ ಕಲಿಸಬೇಕು.

ಕಿವಿಯ ಹೊರ ಅಂಚಿನ ಒಳಗಡೆ ಇನ್ನೊಂದು ಏಣು ಇದೆ. ಅದು ಮೇಲೆ ಹೋಗಿ ಎರಡು ಕವಲಾಗುತ್ತದೆ. ಕವಲುಗಳ ನಡುವಿನ ತ್ರಿಕೋನದ ಗುಳಿಯಲ್ಲಿ, ಕವಲೊಡೆಯುವ ಮೂಲೆಯಿಂದ ತುಸು ಮೇಲಕ್ಕೆ, ಯಾವ ನೋವಿಗೂ ಒತ್ತುವ 'ಶೆನ್‌ಮೆನ್' ಬಿಂದು. ಸೊಂಟದ್ದು ಕವಲಿನ ಕೆಳಗೆ, ಏಣಿನ ಮೇಲೆಯೇ. ಕುತ್ತಿಗೆಯದು ಅದೇ ಏಣಿನ ಕೆಳತುದಿಯಲ್ಲಿ. ಒಬ್ಬೊಬ್ಬರ ಕಿವಿ ಒಂದೊಂದು ತರ ಇರುವುದರಿಂದ ಚಿತ್ರವನ್ನೇ ನೆಚ್ಚಬಾರದು. ಮೊಂಡು ಮಾಡಿದ ಕಡ್ಡಿಯಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಸುತ್ತಲಿಗಿಂತ ಹೆಚ್ಚು ನೋಯುವ ಚುಕ್ಕೆ ಸಿಗುತ್ತದೆ. ಒತ್ತಲೆಂದು ಟೇಪಿನಲ್ಲಿ ಅಂಟಿಸುವ ಸಣ್ಣ ಬೀಜ ಅಲ್ಲಿ ಕೂರಬೇಕು.

ಇದಕ್ಕೆ ಬಳಸುವ ವ್ಯಾಕೇರಿಯ ಎಂಬ ಗಿಡದ ಬೀಜ ಸುಮಾರು 2 ಮಿ.ಮೀ., ಗುಂಡಗೆ, ಕಪ್ಪಗೆ, ಗಟ್ಟಿ. ಅದಿಲ್ಲವೆಂದು ಮೆಂತೆ ಇಟ್ಟರೆ ಮಳೆಗಾಲದಲ್ಲಿ ನೆನೆದು ಲೋಳೆಯಾಗುತ್ತದೆ. ಸಾಸಿವೆ ಒಡೆದು ಒದ್ದೆಯಾದರೆ ಚರ್ಮ ಉರಿಯುತ್ತದೆ. ಆಟಿಯ ಮಳೆಯಲ್ಲಿ ಬೀಜವೇ ಬೇಡ, ಬೆರಳು ಸಾಕು. ಬೀಜ ಇಡುವುದಾದರೆ ಕಿವಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಉಗುರಿನಷ್ಟಗಲದ ಪೇಪರ್ ಟೇಪಿನಲ್ಲಿ ಅಂಟಿಸಿ. ಎಣ್ಣೆ ಅಥವಾ ಬೆವರಿದ್ದರೆ ಟೇಪು ಏಳುತ್ತದೆ, ಬೀಜ ಕಿವಿಯೊಳಗೆ ಜಾರುವ ಭಯವೂ ಇದೆ.

ಹೆಬ್ಬೆರಳು ಕಿವಿಯ ಹಿಂದೆ, ತೋರುಬೆರಳು ಮುಂದೆ. ದಿನಕ್ಕೆ 3 ಸಲ, ಪ್ರತಿ ಸಲ 3 ನಿಮಿಷ, ಒತ್ತಿ ಬಿಡುತ್ತಾ ಒತ್ತಿ. ಕಿವಿ ಬೆಚ್ಚಗಾಗಿ ಸಣ್ಣಗೆ ನೋಯಬೇಕು, ಚುರುಗುಟ್ಟಬಾರದು. 5 ದಿನಕ್ಕೆ ಬೀಜ ತೆಗೆದು, ಎರಡು ದಿನ ಬಿಟ್ಟು ಇನ್ನೊಂದು ಕಿವಿಗೆ. 'ಒತ್ತಿ' ಎಂಬುದನ್ನು 'ಉಜ್ಜಿ' ಎಂದು ತಿಳಿದುಕೊಂಡರೆ ಅಲ್ಲಿಂದಲೇ ತೊಂದರೆ. ಚರ್ಮ ತರಚಿದ ಜಾಗದಿಂದ ಸೋಂಕು ಮೃದ್ವಸ್ಥಿಗೆ, ಅಂದರೆ ಕಿವಿಗೆ ಆಕಾರ ಕೊಡುವ ಮೆದು ಎಲುಬಿಗೆ, ಇಳಿಯಬಹುದು. ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಆದ್ದರಿಂದ ಬೇಗ ಮಾಯುವುದಿಲ್ಲ, ಕಿವಿಯ ಆಕಾರವೇ ಕೆಡಬಹುದು. ಕಿವಿ ಕೆಂಪಾಗಿ ಊದಿ ಮಿಡಿದರೆ ಬೀಜ ಕಿತ್ತು ಅದೇ ದಿನ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮಾಡಬಾರದು.

ಕಿವಿಯಲ್ಲಿ ಇಡೀ ದೇಹದ ನಕ್ಷೆಯಿದೆ ಎಂಬುದನ್ನು 1950ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪಾಲ್ ನೋಜಿಯೆ ಮುಂದಿಟ್ಟರು. ಆ ನಕ್ಷೆ ಸಾಬೀತಾಗಿಲ್ಲ. ಸೊಂಟನೋವು ಇಳಿದದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ, ಅಷ್ಟೇ. ಕಲಿಸುವವರು ಇದನ್ನೂ ಹೇಳಲೇಬೇಕು. ಸೊನ್ನೆಯಿಂದ ಹತ್ತರೊಳಗೆ ನೋವಿಗೊಂದು ಅಂಕ ಕೊಟ್ಟು ಬೆಳಗ್ಗೆ ಸಂಜೆ ಕ್ಯಾಲೆಂಡರಿನಲ್ಲಿ ಬರೆದಿಡಲಿ. ನಾಲ್ಕು ವಾರದಲ್ಲಿ ಎರಡು ಅಂಕವೂ ಇಳಿಯದಿದ್ದರೆ ಬಿಟ್ಟುಬಿಡಲಿ. ಕಾಲಿನ ಬಲ ಕುಂದಿದರೆ, ಮೂತ್ರ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಕಿವಿ ಒತ್ತುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

– ಇಬ್ಬರು ಆರೋಗ್ಯ ಕಾರ್ಯಕರ್ತೆಯರು, ಬದಿಯಡ್ಕ